ಶನಿವಾರದ ತೂಕ, ಶನಿವಾರದ ಊಟ

ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ನಮ್ಮ ಸೀಮೆಯ ಜನಕ್ಕೆ ಬಾಯಲ್ಲಿ ನೀರೂರುತ್ತದೆ. ನನಗೆ ಮೈ ಉರಿಯುತ್ತದೆ. ಹೋದ ವಾರ ಚಿಂತಾಮಣಿಯಲ್ಲಿ ಚಿಕ್ಕಬಳ್ಳಾಪುರದ ಬಸ್ಸು ಹತ್ತಿ ಕೂತಿದ್ದೆ. ಹೆಂಗಸೊಬ್ಬಳು ಅವರೆಕಾಯಿ ತುಂಬಿದ ಚೀಲವೊಂದನ್ನು ತಂದು, "ಒಸಿ ಕಾಲೆತ್ತಿ ಅಮ್ಮ" ಎಂದು ನನ್ನ ಸೀಟಿನ ಕೆಳಗೆ ತುರುಕಿದಳು. ಹಿಂದಿನ ಸೀಟಿನ ಗಂಡಸು ಮೂಗರಳಿಸಿ, "ಆಹಾ, ಇವತ್ತು ಹಿತಕಬೇಳೆ ಸಾರು ಗ್ಯಾರಂಟಿ" ಎಂದ. ಬಸ್ಸು ಶಿಡ್ಲಘಟ್ಟ ದಾಟುವವರೆಗೂ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಆ ಊರಿನಲ್ಲಿ ಕಳೆದ ಒಂದು ಚಳಿಗಾಲ ಪೂರ್ತಿ ಆ ಚೀಲದಿಂದ ಎದ್ದು ಬಂದು ನನ್ನ ಪಕ್ಕದಲ್ಲೇ ಕೂತಿತು.

ಆಗ ನಾನು ಶಿಡ್ಲಘಟ್ಟದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಹೆಡ್ಮಾಸ್ಟರು ಜಯರಾಮಪ್ಪ. ಅವರ ಹೊಟ್ಟೆ ಅವರಿಗಿಂತ ಮೊದಲು ತರಗತಿಯೊಳಗೆ ಬರುತ್ತಿತ್ತು. ಅದರ ಬಗ್ಗೆ ಅವರಿಗೆ ಇಷ್ಟು ವರ್ಷ ಯಾವ ಚಿಂತೆಯೂ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಮೊಬೈಲಿನಲ್ಲಿ ಕೋಟು ತೊಟ್ಟ ಯಾವನೋ ಒಬ್ಬ, ಗೆಳೆಯರ ನಡುವೆ ಪೈಪೋಟಿ ಇಟ್ಟರೆ ಕೊಬ್ಬು ತಾನಾಗಿ ಕರಗುತ್ತದೆ ಎಂದು ಬೋಧನೆ ಮಾಡಿದ್ದನ್ನು ನೋಡಿದರು. ಮಾರನೆಯ ದಿನವೇ ಸ್ಟಾಫ್ ರೂಮಿಗೆ ಬಂದು ನಿಂತರು.

"ನೋಡಿ ಮೇಡಂ, ಒಬ್ರೇ ಡಯಟ್ ಮಾಡಿದ್ರೆ ಬೋರ್ ಆಗುತ್ತೆ. ಕಾಂಪಿಟೇಶನ್ ಇರ್ಬೇಕು, ಫ್ರೆಂಡ್ಲಿಯಾಗಿ. ಸಂಕ್ರಾಂತಿ ಹೊತ್ತಿಗೆ ಯಾರು ಜಾಸ್ತಿ ಇಳಿಸ್ತಾರೋ ಅವ್ರಿಗೆ ಗಣರಾಜ್ಯೋತ್ಸವದ ದಿನ ಶಾಲು, ಪೇಟ, ಹಣ್ಣಿನ ಬುಟ್ಟಿ. ಹೆಂಗೆ?"

ಪಿ.ಟಿ. ಮೇಷ್ಟ್ರು ಗೋವಿಂದರಾಜು ಚಪ್ಪಾಳೆ ತಟ್ಟಿದರು. ಮಕ್ಕಳಿಗೆ ಓಡಿ ಎಂದು ಹೇಳಿ ತಾವು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಳ್ಳುವ ಮನುಷ್ಯ ಅವರು. ಹಿಂದಿ ಟೀಚರ್ ಶಾಹೀನ್ ನಗುತ್ತಾ ಒಪ್ಪಿಕೊಂಡಳು. ನನ್ನನ್ನು ಹೆಡ್ಮಾಸ್ಟರು ಮೇಲಿಂದ ಕೆಳಗೆ ನೋಡಿ, "ನೀವು ಬಿಡಿ, ಗಾಳಿ ಬೀಸಿದ್ರೆ ಹಾರ್ಹೋಗ್ತೀರ. ನೀವೇ ಜಡ್ಜ್" ಎಂದರು. ನಾಲ್ಕನೆಯವರು ಯಾರು ಎಂದು ಸುತ್ತ ನೋಡುತ್ತಿರುವಾಗ ಆಫೀಸಿನ ಬಾಗಿಲಿನಿಂದ, "ನಾನೂ ಸೇರ್ಕೊಳ್ಳಾ ಸಾರ್?" ಎಂಬ ದನಿ ಬಂತು. ಅವಳು ಶಾಲೆಯ ಗುಮಾಸ್ತೆ ಮುನಿರತ್ನ. ಶಾಲೆಯಲ್ಲಿ ನನ್ನನ್ನು ಮೇಡಂ ಎಂದೂ ಗೇಟು ದಾಟಿದ ಮೇಲೆ ಅಕ್ಕ ಎಂದೂ ಕರೆಯುತ್ತಿದ್ದ ನನ್ನ ಗೆಳತಿ.

ಉಳಿದವರಿಗೆ ಇದು ಆಟ, ಅವಳಿಗಲ್ಲ. ಹೆರಿಗೆಯಲ್ಲಿ ಹೊಟ್ಟೆ ಕೊಯ್ದಿದ್ದ ಜಾಗದಲ್ಲಿ ಅವಳಿಗೆ ಹರ್ನಿಯಾ ಆಗಿತ್ತು. ಕೆಮ್ಮಿದರೆ ಸಾಕು, ಸೀರೆಯ ಕೆಳಗೆ ಮುಷ್ಟಿ ಗಾತ್ರದ ಗಂಟು ಏಳುತ್ತಿತ್ತು. ಚಿಕ್ಕಬಳ್ಳಾಪುರದ ಡಾಕ್ಟರು ಆಪರೇಷನ್ ಮಾಡುತ್ತೇನೆ, ಆದರೆ ಮೊದಲು ತೂಕ ಇಳಿಸಿ ಬಾ, ಈ ಮೈಯಲ್ಲಿ ಹೊಲಿಗೆ ನಿಲ್ಲುವುದಿಲ್ಲ ಎಂದಿದ್ದರು. ಕರುಳು ಎಲ್ಲಾದರೂ ಹೊರಗೇ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ ಎಂದೂ ಹೇಳಿ ಕಳಿಸಿದ್ದರು. ಈ ವಿಷಯ ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುವ ಅವಳ ಗಂಡನಿಗೆ ಬಿಟ್ಟರೆ ನನಗೊಬ್ಬಳಿಗೇ ಗೊತ್ತಿದ್ದದ್ದು. "ಒಬ್ಳೇ ಮಾಡಕ್ಕೆ ಆಗ್ತಿಲ್ಲ ಅಕ್ಕ. ನಾಲ್ಕು ಜನ ಇದ್ರೆ ನಾಚಿಕೆಗಾದ್ರೂ ಬಾಯಿ ಕಟ್ತೀನಿ" ಎಂದಳು. ಮಾತು ಸರಿಯಾಗಿಯೇ ಇತ್ತು. ಆ ನಾಲ್ಕು ಜನ ಎಂಥವರು ಎನ್ನುವುದಷ್ಟೇ ತೊಂದರೆ.

ತೂಕದ ಯಂತ್ರ ಶಾಹೀನಳ ತಂದೆ ಬಷೀರ್ ಸಾಬರದು. ಅವರದು ರೇಷ್ಮೆ ನೂಲು ಬಿಚ್ಚುವ ಯೂನಿಟ್ಟು. ಗೂಡಿನ ಕ್ರೇಟುಗಳನ್ನು ತೂಗುವ, ನೆಲದ ಮೇಲಿಡುವ ದೊಡ್ಡ ಯಂತ್ರವೊಂದು ಅಲ್ಲಿತ್ತು. ಶನಿವಾರ ಬೆಳಗಿನ ಶಾಲೆ ಮುಗಿಸಿ ಎಲ್ಲರೂ ಅಲ್ಲಿಗೆ ಹೋಗುವುದು, ಬೇಯಿಸಿದ ಹುಳದ ವಾಸನೆಗೆ ಮೂಗು ಮುಚ್ಚಿಕೊಂಡು ಒಬ್ಬೊಬ್ಬರಾಗಿ ಯಂತ್ರ ಹತ್ತುವುದು, ನಾನು ತೂಕ ಓದಿ ಹೇಳುವುದು. ಮೊದಲ ಶನಿವಾರ ಹೆಡ್ಮಾಸ್ಟರು ಸ್ವೆಟರು, ಅದರ ಮೇಲೆ ಕೋಟು, ಕಾಲಿಗೆ ಬೂಟು, ಜೇಬಿನಲ್ಲಿ ಶಾಲೆಯ ಬೀಗದ ಕೈಗಳ ಗೊಂಚಲು ಸಮೇತ ಬಂದರು. ಬರುವ ಮೊದಲು ಮುದ್ದೆ ಮುರಿದು, ಮೇಲೆ ಒಂದು ಚೊಂಬು ನೀರು ಕುಡಿದು ಬಂದಿದ್ದನ್ನು ತಾವೇ ಗೋವಿಂದರಾಜು ಕಿವಿಯಲ್ಲಿ ಹೇಳಿ ಕಿಸಿಕಿಸಿ ನಕ್ಕರು. ಶುರುವಿನ ತೂಕ ಹೆಚ್ಚಿದ್ದಷ್ಟೂ ಕೊನೆಯಲ್ಲಿ ಇಳಿದಿದ್ದು ಹೆಚ್ಚು ಕಾಣುತ್ತದಲ್ಲ! ಮಕ್ಕಳು ಕಾಪಿ ಹೊಡೆದರೆ ಬೆಂಚಿನ ಮೇಲೆ ನಿಲ್ಲಿಸುವ ಮನುಷ್ಯ. ಬೂಟು ಬಿಚ್ಚಿ ಸಾರ್ ಎಂದರೆ, "ಫ್ರೆಂಡ್ಲಿ ಮೇಡಂ, ಫ್ರೆಂಡ್ಲಿ" ಎಂದರು. ಮುನಿರತ್ನ ಮಾತ್ರ ಚಪ್ಪಲಿ ಬಿಟ್ಟು, ಬಳೆ ತೆಗೆದು, ಕಣ್ಣು ಮುಚ್ಚಿಕೊಂಡು ಹತ್ತಿದಳು. ಬಷೀರ್ ಸಾಬರು ಗಡ್ಡ ನೀವಿಕೊಳ್ಳುತ್ತಾ ನಿಂತಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ಸರಿ. ಆದರೆ ನಮ್ಮ ಕಡೆ ನಾಲ್ಕು ಜನ ಸೇರಿದ ಮೇಲೆ ಊಟ ಇಲ್ಲದೆ ಎದ್ದುಹೋದರೆ ಅದು ಸೇರಿದ ಹಾಗೇ ಅಲ್ಲ. ತೂಕ ನೋಡಿದ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ಊಟ ಎಂದು ಹೆಡ್ಮಾಸ್ಟರು ಘೋಷಿಸಿಬಿಟ್ಟರು. ತೂಕ ಇಳಿಸಲು ಸ್ಪರ್ಧೆ, ಸ್ಪರ್ಧೆಗೆ ಊಟ! ಭೂಮಿಯ ಮೇಲೆ ಬೇರೆಲ್ಲೂ ಯಾರಿಗೂ ಇಂಥ ಬುದ್ಧಿ ಹೊಳೆಯಲಾರದು. ಅದೂ ಎಂಥ ಕಾಲ! ಬೆಳಿಗ್ಗೆ ಮಂಜು ಬಿದ್ದು ಅವರೆಗೆ ಸೊಗಡು ಏರುವ ಕಾಲ. ರಸ್ತೆಯ ಎರಡೂ ಪಕ್ಕ ಅವರೆಕಾಯಿಯ ರಾಶಿ. ಯಾವ ಮನೆಗೆ ಹೋದರೂ ಹೆಂಗಸರು ನೆನೆಸಿದ ಕಾಳನ್ನು ಹೆಬ್ಬೆರಳಲ್ಲಿ ಹಿಸುಕಿ ಸಿಪ್ಪೆ ಬಿಡಿಸುತ್ತಾ ಕೂತಿರುತ್ತಿದ್ದರು.

ಮೊದಲ ಊಟ ಹೆಡ್ಮಾಸ್ಟರ ಮನೆಯಲ್ಲಿ. ಅವರ ಹೆಂಡತಿ ಪ್ರಮೀಳಮ್ಮ ಹಿತಕಬೇಳೆ ಸಾರು, ಮುದ್ದೆ, ಅವರೆಕಾಳು ಉಪ್ಪಿಟ್ಟು, ಒಬ್ಬಟ್ಟು, ಎಲ್ಲ ಮಾಡಿದ್ದರು. ಆ ಮನೆಗೆ ಮುನಿರತ್ನ ಸಹಿ ಮಾಡಿಸಲು ಎಷ್ಟೋ ಸಲ ಹೋಗಿದ್ದಾಳೆ. ಅವಳಿಗೆ ಕಾಫಿ ಜಗುಲಿಗೇ ಬರುತ್ತಿತ್ತು, ಅದೂ ಪೇಪರ್ ಲೋಟದಲ್ಲಿ. ಒಳಗೆ ಕೂತ ನನಗೆ ಸ್ಟೀಲ್ ಲೋಟ. ಅವಳ ಜಾತಿ ಯಾವುದೆಂದು ನಾನು ಇಲ್ಲಿ ಬರೆಯುವುದಿಲ್ಲ. ಪ್ರಮೀಳಮ್ಮನಿಗೆ ಗೊತ್ತಿತ್ತು, ಅಷ್ಟು ಸಾಕು. ಆ ಶನಿವಾರ ಮಾತ್ರ ಫೋಟೋ ತೆಗೆದು ಇಲಾಖೆಯ ಗ್ರೂಪಿಗೆ ಹಾಕುವುದಿತ್ತು. ಹಾಗಾಗಿ ಅವಳನ್ನೂ ಒಳಗೆ ಕರೆದು ನಮ್ಮ ಸಾಲಿನಲ್ಲೇ ಕೂರಿಸಿದರು. ಯಾವಾಗಲೂ ಸ್ಟೀಲ್ ತಟ್ಟೆ ಇಡುವ ಮನೆಯಲ್ಲಿ ಅವತ್ತು ಎಲ್ಲರ ಮುಂದೆಯೂ ಮುತ್ತುಗದ ಎಲೆ ಬಂತು. ಉಂಡ ಮೇಲೆ ಬಿಸಾಡಬಹುದಲ್ಲ.

"ತಿನಮ್ಮಾ ತಿನು, ಏಂ ಕಾದು" ಎಂದು ತೆಲುಗಿನಲ್ಲಿ, ತಿಂದರೆ ಏನೂ ಆಗುವುದಿಲ್ಲವೆಂದು ಒತ್ತಾಯಿಸುತ್ತಾ ಪ್ರಮೀಳಮ್ಮ ಮುನಿರತ್ನಳ ಎಲೆಗೆ ಎರಡನೆಯ ಒಬ್ಬಟ್ಟು ಎಸೆದರು. ಬಡಿಸಿದರು ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಮೇಲಿನಿಂದ ಬಿಟ್ಟರು.

"ಹಾಕೇ, ಇನ್ನೊಂದ್ ಹಾಕು. ಇವ್ರು ತಿಂದಷ್ಟೂ ನಾನು ಗೆಲ್ತೀನಿ" ಎಂದು ಹೆಡ್ಮಾಸ್ಟರು ಹೊಟ್ಟೆ ಕುಲುಕಿಸಿ ನಕ್ಕರು. ತಮ್ಮ ಎಲೆಯಲ್ಲಿ ಸೌತೆಕಾಯಿ ಹೋಳುಗಳನ್ನು ಇಟ್ಟುಕೊಂಡು ಎಲ್ಲರಿಗೂ ಕಾಣುವ ಹಾಗೆ ಕಡಿಯುತ್ತಿದ್ದರು. ಇದೇ ಅವರ ಉಪಾಯ. ಎದುರಾಳಿಗೆ ಉಣಿಸಿ ಗೆಲ್ಲುವುದು.

ಮುನಿರತ್ನ ಎಲೆ ಪೂರ್ತಿ ಖಾಲಿ ಮಾಡಿದಳು. ದಾರಿಯಲ್ಲಿ ಅವಳನ್ನು ಬೈದೆ. "ನಿನಗೇನಾದ್ರೂ ಬುದ್ಧಿ ಇದೆಯೇನೇ? ಬೇಡ ಅಂತ ಎಲೆಗೆ ಕೈ ಅಡ್ಡ ಇಡಕ್ಕಾಗಲ್ವಾ?"

"ಹೆಂಗಕ್ಕ ಬೇಡ ಅನ್ಲಿ? ಒಳಗಡೆ ಕರ್ದು ಕೂರ್ಸವ್ರೆ. ಹಬ್ಬದ ಹಂಗೆ ಎಲೆ ಹಾಕವ್ರೆ." ಅವಳ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ಆ ಎಲೆ ಯಾಕೆ ಬಂತು ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಆಮೇಲಿನ ಶನಿವಾರ ಗೋವಿಂದರಾಜು ಮನೆ, ಅದರ ಮುಂದಿನದು ಶಾಹೀನಳ ಮನೆ. ಶಾಹೀನಳ ತಾಯಿ ಬಿರಿಯಾನಿ ಮಾಡಿದ್ದರು. ಶನಿವಾರ ವೆಂಕಟರಮಣನ ಒಪ್ಪತ್ತು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ಪ್ರಮೀಳಮ್ಮ ಅವತ್ತು ದೇವರ ಜೊತೆ ಅದೇನು ಮಾತಾಡಿಕೊಂಡು ಬಂದಿದ್ದರೋ, ಕೋಳಿಯ ಮೂಳೆಯನ್ನು ಬೆಳ್ಳಗಾಗುವ ತನಕ ಚೀಪಿದರು. ಮರುವಾರ ಬಷೀರ್ ಸಾಬರು ತೂಕ ನೋಡುವಾಗ ನನ್ನ ಕಡೆ ತಿರುಗಿ, "ಗೂಡು ತಂದಿಟ್ರೆ ದಿನದಿನಾ ಒಣಗಿ ತೂಕ ಕಮ್ತಿ ಆಗ್ತದೆ ಮೇಡಂ. ನಿಮ್ ಸ್ಟಾಫು ಒಣಗೋದೇ ಇಲ್ಲಾಂತಾರಲ್ಲ!" ಎಂದರು. ಇಡೀ ಸ್ಪರ್ಧೆಯಲ್ಲಿ ನನಗೆ ನಗು ಬಂದಿದ್ದು ಅದೊಂದೇ ಸಲ.

ನಾಲ್ಕನೆಯ ಸರದಿ ಮುನಿರತ್ನಳದು. ಹೆಡ್ಮಾಸ್ಟರು, "ನಿಮ್ದು ಊರಾಚೆ ಕಾಲನಿ, ದೂರ ಆಗುತ್ತೆ. ಕೊನೇಲಿ ನೋಡಣ" ಎಂದು ಮತ್ತೆ ತಮ್ಮ ಮನೆಗೇ ಕರೆದರು. ಆ ಕಾಲನಿ ಅವರ ಮನೆಯಿಂದ ಬಸ್ ಸ್ಟ್ಯಾಂಡಿಗಿಂತ ಹತ್ತಿರ. ಅವಳು ತಲೆಯಾಡಿಸಿದಳು. ಮತ್ತೊಂದು ಸುತ್ತು ನಡೆಯಿತು. ಶನಿವಾರ ಅವರ ಮನೆಗಳಲ್ಲಿ ಹೊಟ್ಟೆ ತುಂಬ ಉಣ್ಣುವುದು, ಉಳಿದ ದಿನ ಮಜ್ಜಿಗೆ ಕುಡಿದುಕೊಂಡು ಉಪವಾಸ ಬೀಳುವುದು, ಇದೇ ಅವಳ ಪಾಡಾಯಿತು. ಮಧ್ಯಾಹ್ನದ ಹೊತ್ತು ಟೇಬಲ್ಲಿನ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದಳು. ಸ್ಟಾಫ್ ರೂಮಿನ ಬೋರ್ಡಿನ ಮೇಲೆ ನಾನು ವಾರವಾರ ಬರೆಯುತ್ತಿದ್ದ ಅವಳ ತೂಕ ಮಾತ್ರ ಇದ್ದಲ್ಲೇ ಇತ್ತು.

ಡಿಸೆಂಬರ್ ಕೊನೆಯಲ್ಲಿ ಒಂದು ದಿನ ಅವಳು ರೆಕಾರ್ಡ್ ರೂಮಿನಲ್ಲಿ ಹೊಟ್ಟೆ ಹಿಡಿದುಕೊಂಡು ಕುಸಿದು ಕೂತಿದ್ದಳು. ಗಂಟು ಕಲ್ಲಿನಂತೆ ಬಿಗಿದಿತ್ತು. ನಾನೂ ಶಾಹೀನಳೂ ಆಟೋ ಮಾಡಿಕೊಂಡು ಚಿಕ್ಕಬಳ್ಳಾಪುರಕ್ಕೆ ಓಡಿದೆವು. ಡಾಕ್ಟರು ಅವಳನ್ನು ಮಲಗಿಸಿ ನಿಧಾನವಾಗಿ ಒತ್ತಿ ಒಳಗೆ ಸೇರಿಸಿದರು. ಬೆವರು ಒರೆಸಿಕೊಳ್ಳುತ್ತಾ, "ಏನಮ್ಮ, ಇಳಿಸಿ ಬಾ ಅಂದ್ರೆ ಅಷ್ಟೇ ಇದೀಯಲ್ಲ. ಇವತ್ತು ಒಳಗೆ ಹೋಯ್ತು. ಇನ್ನೊಂದ್ಸಲ ಹೋಗದೆ ಇದ್ರೆ ನನ್ ಕೈಲೂ ಇರಲ್ಲ" ಎಂದು ಬೈದರು.

ಬರುವಾಗ ಆಟೋದಲ್ಲಿ ನಾನು ಖಡಾಖಂಡಿತವಾಗಿ ಹೇಳಿದೆ. "ಇನ್ನು ಯಾರ ಮನೇಲೂ ತುತ್ತು ಮುಟ್ಟಬೇಡ. ಜೀವಕ್ಕಿಂತ ಹೆಚ್ಚೇನೇ ಅವರ ಒಬ್ಬಟ್ಟು?"

ಅವಳು, "ನಮ್ಮನೆ ಸರದಿ ಒಂದ್ ಬಂದ್ಬಿಡ್ಲಿ ಅಕ್ಕ" ಎಂದಳು. "ಅವ್ರು ಹಾಕಿದ್ನ ನಾನು ಉಣ್ದೆ ಇದ್ರೆ, ನಾನು ಹಾಕಿದ್ನ ಅವ್ರು ಹೆಂಗೆ ಉಣ್ತಾರೆ? ಒಂದ್ಸಲ ನಮ್ಮನೇಲಿ ಉಣ್ಲಿ. ಅವತ್ತಿಗೆ ಬಿಡ್ತೀನಿ."

ಆಗ ಅರ್ಥವಾಯಿತು ನನಗೆ. ಅವಳು ಆಸೆಗೆ ಉಣ್ಣುತ್ತಿರಲಿಲ್ಲ. ಒಂದು ದಿನ ಆ ಮಹಾನುಭಾವರು ತನ್ನ ಮನೆಯ ನೆಲದ ಮೇಲೆ ಕೂತು ಮುದ್ದೆ ಮುರಿಯಲಿ ಎಂದು, ಕರುಳನ್ನೇ ಪಣಕ್ಕಿಟ್ಟು ಉಣ್ಣುತ್ತಿದ್ದಳು. ನನಗೆ ಅವಳ ಮೇಲೆ ಬಂದ ಸಿಟ್ಟಿಗಿಂತ ಮರುಕ ಹೆಚ್ಚಾಯಿತು, ಅವರ ಮೇಲಿನ ತಿರಸ್ಕಾರ ಅದಕ್ಕಿಂತ ಹೆಚ್ಚಾಯಿತು. ಶಾಹೀನ್ ಕಿಟಕಿಯ ಕಡೆ ಮುಖ ತಿರುಗಿಸಿ ದುಪಟ್ಟಾದಲ್ಲಿ ಕಣ್ಣು ಒರೆಸಿಕೊಂಡಳು.

ಸಂಕ್ರಾಂತಿಯ ಹಿಂದಿನ ಶನಿವಾರ ಕೊನೆಯ ತೂಕ. ಹೆಡ್ಮಾಸ್ಟರು ಬರಿಗಾಲಲ್ಲಿ, ತೆಳ್ಳನೆಯ ಪಂಚೆ ಉಟ್ಟು, ಹಿಂದಿನ ದಿನವೆಲ್ಲ ಉಪವಾಸ ಮಾಡಿ, ಉಂಗುರವನ್ನೂ ಬಿಚ್ಚಿಟ್ಟು ಬಂದರು. ಅವರೇ ಗೆದ್ದರು. ಗೆದ್ದಿದ್ದು ಅವರ ಬೂಟು, ಕೋಟು ಮತ್ತು ಬೀಗದ ಕೈ. ಅಷ್ಟಾದ ಮೇಲೆ ಎಲ್ಲರೂ ಮುನಿರತ್ನಳ ಮನೆಗೆ ಹೊರಟೆವು, ಇನ್ನು ತಪ್ಪಿಸಿಕೊಳ್ಳಲು ಯಾವ ಸರದಿಯೂ ಉಳಿದಿರಲಿಲ್ಲ. ಪ್ರಮೀಳಮ್ಮನೂ ರೇಷ್ಮೆ ಸೀರೆ ಉಟ್ಟು ಬಂದಿದ್ದರು.

ಮನೆಗೆ ಹೊಸದಾಗಿ ಸುಣ್ಣ ಹೊಡೆಸಿದ್ದರು. ಅಂಗಳದಲ್ಲಿ ದೊಡ್ಡ ರಂಗೋಲಿ. ಗಂಡ ಶಿಫ್ಟಿಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲೇ ಕೈ ಮುಗಿದು ನಿಂತಿದ್ದ. ಒಳಗೆ ಹೊಸ ಚಾಪೆಗಳು, ಹೊಸ ಸ್ಟೀಲ್ ತಟ್ಟೆಗಳು. ಅವುಗಳ ಅಂಗಡಿ ಚೀಟಿಯ ಗೋಂದು ಇನ್ನೂ ಪೂರ್ತಿ ಹೋಗಿರಲಿಲ್ಲ. ಹಿಂದಿನ ದಿನವೆಲ್ಲ ಕೂತು ಹಿಸುಕಿದ ಬೇಳೆಯ ಸಾರು ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿತ್ತು. ಮನೆಯೆಲ್ಲ ಸೊಗಡು. ಹಲಾಲ್ ಅಲ್ಲದ್ದನ್ನು ಮುಟ್ಟದ ಶಾಹೀನಳಿದ್ದಾಳೆಂದು, ಪ್ರಮೀಳಮ್ಮನ ಒಪ್ಪತ್ತಿದೆಯೆಂದು ಮಾಂಸದ ಸುದ್ದಿಗೇ ಹೋಗಿರಲಿಲ್ಲ.

"ಬನ್ನಿ ಸಾರ್, ಕೂತ್ಕೊಳಿ. ಬನ್ನಿ ಅಮ್ಮ" ಎಂದು ಮುನಿರತ್ನ ಚಾಪೆ ಝಾಡಿಸಿದಳು.

ಹೆಡ್ಮಾಸ್ಟರು ಹೊಸಿಲಿನ ಹೊರಗೇ, ಒಂದು ಕುರ್ಚಿಯ ತುದಿಯಲ್ಲಿ ಕೂತರು. "ಅಯ್ಯೋ, ಗೆದ್ದಿದ್ನ ಉಳಿಸ್ಕೋಬೇಕಲ್ಲ. ಇವತ್ತಿಂದ ಸ್ಟ್ರಿಕ್ಟ್ ಡಯಟ್. ಬರೀ ಬಿಸಿನೀರು, ಅದೂ ಮನೇಲಿ ಕುಡ್ದು ಬಂದೆ."

"ನಂದೂ ಡಯಟ್ಟೇ" ಎಂದರು ಗೋವಿಂದರಾಜು.

"ನಂಗೆ ಶನಿವಾರ ಒಪ್ಪತ್ತು ಕಣಮ್ಮ, ನಿಂಗೆ ಗೊತ್ತಲ್ಲ" ಎಂದರು, ಬಿರಿಯಾನಿ ಉಂಡ ಪ್ರಮೀಳಮ್ಮ. ಕುಂಕುಮ ಮಾತ್ರ ತೆಗೆದುಕೊಂಡರು, ಅದನ್ನೂ ತುದಿ ಬೆರಳಲ್ಲಿ.

"ಒಂದೇ ಒಂದ್ ತುತ್ತು, ಸಾರ್. ಒಸಿ ಬಾಯಿಗಾದ್ರೂ..." ಎಂದಳು ಮುನಿರತ್ನ. ಸೌಟು ಹಿಡಿದ ಕೈ ಹಾಗೇ ನಿಂತಿತ್ತು. "ಹೇಳಿದ್ನಲ್ಲ, ಡಯಟ್ ಅಂತ" ಎಂದು ಹೆಡ್ಮಾಸ್ಟರು ನಕ್ಕು ಗಡಿಯಾರ ನೋಡಿಕೊಂಡರು. ಅವಳ ಗಂಡ ತಲೆ ತಗ್ಗಿಸಿ ಹಿತ್ತಲಿಗೆ ಹೋದ. ಅವರು ಮೂವರೂ ಎದ್ದು ಹೊರಟರು.

ನಾನೂ ಶಾಹೀನಳೂ ಚಾಪೆಯ ಮೇಲೆ ಕೂತೆವು. ಜನ್ಮದಲ್ಲಿ ಉಣ್ಣದಷ್ಟು ಉಂಡೆ. ಹಸಿವಿಗಲ್ಲ, ಹೊಟ್ಟೆಯೊಳಗಿನ ಬೆಂಕಿಗೆ. ಶಾಹೀನ್ ಮತ್ತೆ ಮತ್ತೆ ತಟ್ಟೆ ಮುಂದೆ ಹಿಡಿದಳು. ಆದರೂ ಪಾತ್ರೆಯಲ್ಲಿ ಸಾರು ಕಂಠದವರೆಗೆ ಉಳಿದಿತ್ತು. ಮುನಿರತ್ನ ಅದರ ಮೇಲೆ ಮುಚ್ಚಳ ಇಟ್ಟಳು.

"ನಂಗ್ ಗೊತ್ತಿತ್ತಕ್ಕ," ಎಂದಳು. "ಗೊತ್ತಿದ್ದೂ ಕಾಳು ಹೆಚ್ಚಾಗೇ ನೆನೆಸ್ದೆ ನೋಡಿ." ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಅವಳ ಮುಖ ನಾನು ಹಿಂದೆಂದೂ ನೋಡದಷ್ಟು ಗಟ್ಟಿಯಾಗಿತ್ತು.

ವಾಪಸು ಬರುವಾಗ ಬಸ್ ಸ್ಟ್ಯಾಂಡಿನ ಹೋಟೆಲಿನ ಮುಂದೆ ಹೆಡ್ಮಾಸ್ಟರ ಕಾರು ನಿಂತಿತ್ತು. ಒಳಗೆ ಮೂವರೂ ಮಸಾಲೆ ದೋಸೆ ತಿನ್ನುತ್ತಿದ್ದರು. ನನ್ನನ್ನು ನೋಡಿ ಗೋವಿಂದರಾಜು ಕೈ ಬೀಸಿದರು, ಆ ಕೈಯಲ್ಲಿ ದೋಸೆಯ ಚೂರಿತ್ತು. ರಸ್ತೆಗೆ ಉಗಿದು ಮುಂದೆ ಹೋದೆ. ವಿಜ್ಞಾನದ ಟೀಚರು ಬೀದಿಯಲ್ಲಿ ಉಗಿಯಬಾರದು, ಗೊತ್ತು.

ಗಣರಾಜ್ಯೋತ್ಸವದ ದಿನ ಹೆಡ್ಮಾಸ್ಟರು ಶಾಲು ಹೊದ್ದು, ಪೇಟ ಇಟ್ಟುಕೊಂಡು, ಸ್ನೇಹದ ಪೈಪೋಟಿಯ ಮೇಲೆ ಭಾಷಣ ಹೊಡೆದರು. ಆ ಹೊತ್ತಿಗೆ ಮುನಿರತ್ನ ಬೇರೆಯೇ ಮನುಷ್ಯಳಾಗಿದ್ದಳು. ಬೆಳಿಗ್ಗೆ ಮಂಜಿನಲ್ಲೇ ಕೆರೆ ಏರಿಯ ಮೇಲೆ ನಡೆಯುತ್ತಿದ್ದಳು. ಉಪವಾಸ ಬಿಟ್ಟಳು, ಡಾಕ್ಟರು ಹೇಳಿದ್ದನ್ನು ಹೇಳಿದಷ್ಟು ತಿಂದಳು. ಯಾರ ಮನೆಯ ಪ್ರಸಾದ, ಯಾರ ಹುಟ್ಟುಹಬ್ಬದ ಕೇಕು ಬಂದರೂ ಕೈ ಮುಂದೆ ಚಾಚಲಿಲ್ಲ. ಯಾರು ಏನೆಂದುಕೊಂಡಾರು ಎಂಬ ಭಯ ಅವಳಿಂದ ಉದುರಿಹೋಗಿತ್ತು, ತೂಕವೂ ಅದರ ಹಿಂದೆಯೇ ಹೋಯಿತು. ಪೈಪೋಟಿ ತರಲಾರದ ಛಲವನ್ನು ಆ ಒಂದು ಮಧ್ಯಾಹ್ನದ ಅವಮಾನ ತಂದಿತ್ತು. ಇದನ್ನು ಮೊಬೈಲಿನ ಆ ಕೋಟಿನವನಿಗೆ ಯಾರಾದರೂ ಹೇಳಬೇಕು.

ಯುಗಾದಿ ಕಳೆದು ಬಿಸಿಲು ಏರುವ ಹೊತ್ತಿಗೆ ಆಪರೇಷನ್ ಆಯಿತು, ಹೊಲಿಗೆ ನಿಂತಿತು. ಮೂರನೆಯ ದಿನ ನಾನು ಅವಳ ಮಂಚದ ಪಕ್ಕ ಕೂತಿದ್ದಾಗ ಹೆಡ್ಮಾಸ್ಟರು ಹೆಂಡತಿಯೊಡನೆ ವಾರ್ಡಿಗೆ ಬಂದರು. "ನೋಡಿದ್ರಾ ಮುನಿರತ್ನ, ಎಷ್ಟು ಸಣ್ಣ ಆಗೋಗಿದೀರ! ನಮ್ ಕಾಂಪಿಟೇಶನ್ ಮಹಿಮೆ. ಈಗ ತೂಕ ನೋಡಿದ್ರೆ ನೀವೇ ಫಸ್ಟು" ಎಂದರು. ಪಕ್ಕದ ಮಂಚದವರೂ ಅವರ ಕಡೆಯವರೂ ತಿರುಗಿ ನೋಡುತ್ತಿದ್ದರು. ನೋಡುತ್ತಿದ್ದಾರೆ ಎಂಬುದು ಪ್ರಮೀಳಮ್ಮನಿಗೂ ಗೊತ್ತಿತ್ತು. ಟಿಫನ್ ಕ್ಯಾರಿಯರನ್ನು ಮೇಜಿನ ಮೇಲಿಟ್ಟು, ಮುಚ್ಚಳ ತೆಗೆದು, "ಮೆತ್ತಗೆ ಅನ್ನ, ತಿಳಿಸಾರು ತಂದಿದೀನಿ. ಕೈಯಾರೆ ಮಾಡಿದ್ದು. ಎರಡು ತುತ್ತು ತಿನ್ನಮ್ಮ" ಎಂದರು, ಎಲ್ಲರಿಗೂ ಕೇಳುವ ಹಾಗೆ.

ಮುನಿರತ್ನ ದಿಂಬಿಗೆ ಒರಗಿಕೊಂಡಿದ್ದಳು. ಅವಳ ದನಿ ಮೆಲ್ಲಗಿತ್ತು, ಆದರೆ ವಾರ್ಡಿನಲ್ಲಿ ಎಲ್ಲರಿಗೂ ಕೇಳಿಸಿತು.

"ಬೇಡ ಅಮ್ಮ. ನಂಗೆ ನಮ್ಮನೆಯಿಂದ ಬರುತ್ತೆ."

ಪ್ರಮೀಳಮ್ಮ ನನ್ನ ಮುಖ ನೋಡಿದರು. ಆಮೇಲೆ ಅವರು ಒಂದೊಂದೇ ಡಬ್ಬಿಗೆ ಮುಚ್ಚಳ ಹಾಕಿ, ಕ್ಯಾರಿಯರನ್ನು ತಂದ ಹಾಗೇ ಎತ್ತಿಕೊಂಡು ಹೋದರು.